ಅತ್ತೆ ಮಾಡಿಸಿದ ಗೇಣುದ್ದದ ಮನುಷ್ಯ

ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಬೀದಿಯ ತುಂಬ ಟರ್ಪೆಂಟೈನ್ ವಾಸನೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮೇಲಿನ ಮನೆಯವರು ತಲೆನೋವೆಂದು ಬಾಗಿಲನ್ನೂ ಹಾಕಿಕೊಂಡರು. ನಾನೊಬ್ಬ ಮಾತ್ರ ಕಾಫಿ ಲೋಟ ಹಿಡಿದು ಹೊರಗೆ ಬಂದು, ಹಬ್ಬದ ಅಡುಗೆಮನೆಯ ಮುಂದೆ ನಿಂತವನಂತೆ ಮೂಗರಳಿಸಿಕೊಂಡು ನಿಂತಿದ್ದೇನೆ. ಹಳೆಯದನ್ನು ನೆನಪಿಸುವ ವಾಸನೆಗಳಲ್ಲಿ ಎಂಥೆಂಥವೋ ಇರುತ್ತವೆ. ಒಬ್ಬರಿಗೆ ಸುರಗಿ ಹೂವು, ಇನ್ನೊಬ್ಬರಿಗೆ ಹುರಿದ ಕಾಫಿಬೀಜ. ನನ್ನ ಪಾಲಿಗೆ ಬಂದದ್ದು ಟರ್ಪೆಂಟೈನ್. ಪಡೆದುಕೊಂಡು ಬಂದದ್ದು ಅಷ್ಟೇ ಅಂತ ಸುಮ್ಮನಾಗಬೇಕು.

ಈ ವಾಸನೆ ಮೂಗಿಗೆ ತಾಗಿದರೆ ಸಾಕು, ಜೀವನ್ ಬಿಮಾ ನಗರದ ಒಂದು ಮಹಡಿ ಮನೆ ಕಣ್ಣ ಮುಂದೆ ಬರುತ್ತದೆ. ಅದರ ಬಾಲ್ಕನಿ ಬರುತ್ತದೆ. ಬಾಲ್ಕನಿಯ ಮೂಲೆಯಲ್ಲಿ, ನನ್ನ ಕಡೆ ಅರ್ಧ ಬೆನ್ನು ತಿರುಗಿಸಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತ ನನ್ನ ಹೆಂಡತಿಯ ತಾಯಿ ಚಂದಮ್ಮ ಬರುತ್ತಾರೆ. ಅವರ ಕಥೆ ಹೇಳಬೇಕಾದರೆ ಮೊದಲು ನನ್ನ ಹುಚ್ಚಿನ ಕಥೆ ಹೇಳಬೇಕು. ಸ್ವಲ್ಪ ಸಹಿಸಿಕೊಳ್ಳಿ.

ತೊಂಬತ್ತರ ದಶಕದ ಮಾತು. ನಾನು ವಿಮಾನ ತಯಾರಿಸುವ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದೆ. ಪಾಳಿಯುದ್ದಕ್ಕೂ ರೆಕ್ಕೆ, ಬಾಲ, ಮೊಳೆಗಳ ನಕ್ಷೆ ಬರೆದು ಮನೆಗೆ ಬಂದವನು ಪುಟ್ಟ ಮನುಷ್ಯರನ್ನು ಜೋಡಿಸಿ ಬಣ್ಣ ಬಳಿಯುತ್ತಿದ್ದೆ. ರೆಸಿನ್ ಎಂಬುದೊಂದು ಇದೆ. ಅಚ್ಚಿನಲ್ಲಿ ಹುಯ್ದಾಗ ಪಾಯಸದಂತಿದ್ದು, ಆರಿದ ಮೇಲೆ ಕಲ್ಲಿನಂತಾಗುತ್ತದೆ. ಅದರಲ್ಲಿ ಎರಕ ಹೊಯ್ದ ಸಿಪಾಯಿಗಳು ಒಂದು ಸಣ್ಣ ಡಬ್ಬಿಯಲ್ಲಿ ಬರುತ್ತಿದ್ದರು. ಮುಂಡ ಬೇರೆ, ತಲೆ ಬೇರೆ, ಕೈಗಳು ಬೇರೆ, ಟೋಪಿ ಬೇರೆ. ತರಬೇತಿಗೆಂದು ಹೊರದೇಶಕ್ಕೆ ಹೋಗುವ ಸಹೋದ್ಯೋಗಿಗಳ ಕೈಕಾಲು ಹಿಡಿದು ತರಿಸಿಕೊಳ್ಳುತ್ತಿದ್ದೆ. ಬಿಡಿಭಾಗಗಳನ್ನು ಸೋಪುನೀರಲ್ಲಿ ತೊಳೆದು, ಒಳಗೆ ತಂತಿ ತೂರಿಸಿ ಅಂಟಿಸಿ, ಸಂದುಗಳಿಗೆ ನಾದಿದ ಹಿಟ್ಟಿನಂಥ ಪುಟ್ಟಿ ಮೆತ್ತಿ, ಉಜ್ಜಿ, ಬೂದುಬಣ್ಣದ ಒಂದು ತೆಳು ಪದರ ಕೊಟ್ಟು, ಆಮೇಲೆ ಬಣ್ಣ. ನಿಂತ ಸಿಪಾಯಿ ಹೆಚ್ಚೆಂದರೆ ಒಂದು ಗೇಣು. ಅವನ ತಲೆ ಹುಣಸೆಬೀಜದಷ್ಟು. ಆ ಬೀಜದಲ್ಲಿ ಎರಡು ಕಣ್ಣು ಬರೆಯಬೇಕು.

ಕಣ್ಣು ನನಗೆ ಎಂದೂ ಸರಿಯಾಗಿ ಬರಲಿಲ್ಲ. ಎಂಥ ವೀರನನ್ನೇ ತನ್ನಿ, ನನ್ನ ಕುಂಚ ಮುಟ್ಟಿದ ಕೂಡಲೇ ಆಗತಾನೇ ಕೆಟ್ಟ ಸುದ್ದಿ ಕೇಳಿದವನ ಹಾಗೆ ಕಣ್ಣರಳಿಸಿ ನಿಂತುಬಿಡುತ್ತಿದ್ದ. ನಮ್ಮ ಷೋಕೇಸಿನ ತುಂಬ ಹಾಗೆ ಗಾಬರಿಯಾದ ಸೇನೆಯೊಂದು ನಿಂತಿತ್ತು. ಜೊತೆಗೆ ಹಳೇ ವಿಮಾನ ನಿಲ್ದಾಣ ಪಕ್ಕದಲ್ಲೇ. ವಿಮಾನ ತಗ್ಗಿ ಹಾರಿದಾಗಲೆಲ್ಲ ಮೇಜಿನ ಮೇಲಿನ ನೀರು ನಡುಗುತ್ತಿತ್ತು. ಕುಂಚ ಎತ್ತಿ ಹಿಡಿದು, ಆ ಸದ್ದು ಹಲಸೂರಿನ ಕಡೆಗೆ ಕರಗಿಹೋಗುವವರೆಗೆ ಕಾಯಬೇಕು. ಆ ಕಾಯುವಿಕೆಯಲ್ಲಿ ಒಂದು ಸುಖವಿತ್ತು. ಜಗತ್ತೇ ಒಂದು ನಿಮಿಷ ಕೈ ಎತ್ತಿ ನಿಂತಂತೆ.

ನನ್ನ ಮದುವೆಯೂ ಈ ಹುಚ್ಚಿನಿಂದಲೇ ಆದದ್ದು. ಒಮ್ಮೆ ಬ್ಲೇಡು ಜಾರಿ ಬೆರಳು ಕೊಯ್ದುಕೊಂಡು ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಗೆ ಹೋದೆ. ಗಾಯ ತೊಳೆಯುತ್ತಿದ್ದ ನರ್ಸ್ ಕೇಳಿದಳು.

"ಹೇಗಾಯ್ತು ಇದು?"

"ಸಿಪಾಯಿ ಕೈ ಕತ್ತರಿಸ್ತಾ ಇದ್ದೆ."

ಆಕೆ ಹತ್ತಿಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ಪೊಲೀಸರನ್ನು ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳಂತೆ. ಹೊಲಿಗೆ ಬಿಚ್ಚಿಸಲು ಹೋದಾಗ ಆ ಸಿಪಾಯಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿದೆ. ಅವಳೇ ಸುವರ್ಣ. ಕಲಬುರಗಿ ಕಡೆಯ ಹಳ್ಳಿಯವಳು. ನರ್ಸಿಂಗ್ ಓದಲು ಬೆಂಗಳೂರಿಗೆ ಬಂದು ಇಲ್ಲೇ ಉಳಿದವಳು. ನಾನು ಹಲಸೂರಿನ ಹಳೇ ಮನೆಯವನು. ಎರಡು ಕಡೆಯವರ ಗೊಣಗಾಟ ಮುಗಿದು ಮದುವೆಯಾಗುವಷ್ಟರಲ್ಲಿ ನನ್ನ ಬೆರಳಿನ ಗುರುತೂ ಮಾಸಿತ್ತು.

ಸುವರ್ಣಳಿಗೆ ತಂದೆ ಇರಲಿಲ್ಲ. ಅವಳು ಹೊಟ್ಟೆಯಲ್ಲಿರುವಾಗಲೇ, ಕಲ್ಲಿನ ಗಣಿಯಲ್ಲಿ ಚಪ್ಪಡಿ ಜಾರಿ ಮೇಲೆ ಬಿದ್ದು ತೀರಿಕೊಂಡರಂತೆ. ತಾಯಿ ಗಂಡನ ಮನೆ ಬಿಟ್ಟು ತವರಿಗೆ ಬಂದು, ಕೂಲಿನಾಲಿ ಮಾಡಿ ಮಗಳನ್ನು ಓದಿಸಿದರು. ಆ ಕಡೆಯ ನೆಂಟಸ್ತಿಕೆ ಅಲ್ಲಿಗೇ ಕಡಿದುಹೋಯಿತು. ಇಷ್ಟನ್ನು ಸುವರ್ಣ ಒಮ್ಮೆ ಹೇಳಿದ್ದಳು. ಮತ್ತೆ ಕೇಳಿದರೆ, "ಇಲ್ಲದವರ ಮಾತು ಯಾಕ್ರೀ" ಎಂದು ಎದ್ದು ಹೋಗುತ್ತಿದ್ದಳು.

ಅವಳು ಬಸುರಿಯಾದಾಗ ಬಾಣಂತನಕ್ಕೆಂದು ಚಂದಮ್ಮ ಮುಂಚಿತವಾಗಿಯೇ ಬಂದರು. ಕೃಷ್ಣರಾಜಪುರ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಒಂದು ಜೋಳದ ಚೀಲ, ಒಂದು ಕಬ್ಬಿಣದ ಹಂಚು, ಒಂದು ಗಂಟು, ಅದರ ಹಿಂದೆ ತೆಳ್ಳಗಿನ ಒಬ್ಬ ಹೆಂಗಸು. ನನ್ನನ್ನು ಕಂಡ ಕೂಡಲೇ ಸೆರಗು ಮುಂದಕ್ಕೆಳೆದುಕೊಂಡು ಪಕ್ಕಕ್ಕೆ ತಿರುಗಿ ನಿಂತರು. ಅವರ ಮನೆತನದಲ್ಲಿ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಸುವರ್ಣ ಇದ್ದಾಗ ಅದೇನೂ ತೊಂದರೆಯಾಗಲಿಲ್ಲ, ಮಾತೆಲ್ಲ ಅವಳ ಮೂಲಕ ಸಾಗುತ್ತಿತ್ತು. ಆದರೆ ನನ್ನದು ಬೆಳಗಿನ ಪಾಳಿ, ಅವಳದು ಮಧ್ಯಾಹ್ನದ ಡ್ಯೂಟಿ. ನಾನು ಬಂದ ಸ್ವಲ್ಪ ಹೊತ್ತಿಗೆ ಅವಳು ಹೊರಡುತ್ತಿದ್ದಳು. ಅವಳು ಮೆಟ್ಟಿಲಿಳಿದ ಕೂಡಲೇ ಚಂದಮ್ಮ ಬಾಲ್ಕನಿಗೆ ಹೋಗಿ ಕಂಬಿ ಹಿಡಿದು, ಮಗಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ಬಸುರಿ ಹೆಂಗಸು ಬಸ್ಸಿನಲ್ಲಿ ಓಡಾಡುವುದೆಂದರೆ ಇವರಿಗೆ ಭಯ ಇರಬೇಕು ಎಂದುಕೊಂಡಿದ್ದೆ. ಆಮೇಲೆ ರಾತ್ರಿಯವರೆಗೆ ಮನೆಯಲ್ಲಿ ನಾವಿಬ್ಬರೇ.

ಆಗ ಅವರು ಬಾಗಿಲಿನ ಜೊತೆ ಮಾತಾಡತೊಡಗಿದರು. "ಚಾ ಆರ್ಲತ್ತದ" ಎಂದು ಅಡುಗೆಮನೆಯ ಬಾಗಿಲಿಗೆ ಹೇಳುವರು. ನಾನು ಹೋಗಿ ಚಹಾ ತೆಗೆದುಕೊಳ್ಳುವುದು. "ಉಪ್ಪು ಕಮ್ಮಿ ಆಗ್ಯದೋ ಏನೋ" ಎಂದು ಚೌಕಟ್ಟನ್ನು ವಿಚಾರಿಸುವರು. ನಾನು ಗೋಡೆಯ ಕ್ಯಾಲೆಂಡರಿಗೆ "ಸರಿಯಾಗಿದೆ" ಎನ್ನುವುದು. ಮನೆಯಲ್ಲಿ ನಾಲ್ಕು ಜನ ಇದ್ದಹಾಗಿತ್ತು, ಅದರಲ್ಲಿ ಇಬ್ಬರು ಮರ ಮತ್ತು ಕಾಗದ.

ನಾನು ಬಾಲ್ಕನಿಯಲ್ಲಿ ಸಿಪಾಯಿಗಳನ್ನು ಹರಡಿಕೊಂಡರೆ ಅವರು ಮೂಲೆಯಲ್ಲಿ ಸೊಪ್ಪು ಬಿಡಿಸುತ್ತ ಕೂರುವರು. ಅರ್ಧ ಬೆನ್ನು ನನ್ನ ಕಡೆಗೆ. ನಾನಾಗ ಒಬ್ಬ ಸಿಪಾಯಿಯನ್ನು ನಿಲ್ಲಿಸಲು ನೆಲ ಮಾಡುತ್ತಿದ್ದೆ. ಗೊಂಬೆ ಎಷ್ಟೇ ಚೆನ್ನಾಗಿರಲಿ, ಬರೀ ಹಲಗೆಯ ಮೇಲೆ ನಿಲ್ಲಿಸಿದರೆ ಬಸ್ಸಿಗೆ ಕಾಯುವವನಂತೆ ಕಾಣುತ್ತಾನೆ. ಕಾಲಕೆಳಗೆ ಒಂದು ತುಂಡು ಭೂಮಿ ಬೇಕು. ಕಲ್ಲು, ಹುಲ್ಲು, ಒಂದು ಮುರಿದ ಬೇಲಿ. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಉದುರಿಸಿ ಹುಲ್ಲು ಮಾಡಿದ್ದೆ. ನನಗಂತೂ ಬಹಳ ಹೆಮ್ಮೆಯಾಗಿತ್ತು. ಮೂಲೆಯಿಂದ ಧ್ವನಿ ಬಂತು. ಮಾತು ಬಾಲ್ಕನಿಯ ಕಂಬಿಗೆ.

"ಯಾವ ಊರಾಗ ಇಷ್ಟು ಮಳಿ ಆಗ್ಯದೋ ಏನೋ ಯವ್ವಾ. ಗಿಳಿ ಹೊಟ್ಟಿ ಕಂಡಂಗ ಕಾಣ್ತದ."

ಮಾರನೆಯ ದಿನ ಕಾರ್ಖಾನೆಯಿಂದ ಬಂದಾಗ ಮೇಜಿನ ಮೇಲೆ ಒಂದು ತಟ್ಟೆ ಇತ್ತು. ಅದರಲ್ಲಿ ಮಣ್ಣು, ಒಣಗಿದ ಬೇರು, ಹಿಂದಿನ ಖಾಲಿ ಸೈಟಿನಿಂದ ಕಿತ್ತು ತಂದ ಗರಿಕೆಯ ಬುಡ, ಕುದಿಸಿ ಒಣಗಿಸಿದ ಚಹಾಪುಡಿ. ಚಹಾಪುಡಿಯನ್ನು ಉದುರಿಸಿದರೆ ತರಗೆಲೆ ಬಿದ್ದ ನೆಲದಂತೆಯೇ ಕಂಡಿತು. ಇಬ್ಬರಿಗೂ ಉತ್ಸಾಹ ಬಂತು. ಅಂಟು ದುಬಾರಿ ಎಂದು ಅತ್ತೆ ಜೋಳದ ಹಿಟ್ಟಿನ ಗಂಜಿ ಕಾಯಿಸಿ ಕೊಟ್ಟರು. ಅದರಲ್ಲೇ ಇಡೀ ನೆಲವನ್ನು ಅಂಟಿಸಿದೆವು. ಎಂಥ ಚೆಲುವಾದ ಬಯಲು! ಬೆಳಗ್ಗೆ ಎದ್ದು ನೋಡಿದರೆ ಇರುವೆಗಳು ಸಾಲುಗಟ್ಟಿ ಆ ಬಯಲನ್ನು ಗೋಡೆಯ ಬಿರುಕಿನೊಳಕ್ಕೆ ಸಾಗಿಸುತ್ತಿದ್ದವು. ಮಧ್ಯೆ ನನ್ನ ಸಿಪಾಯಿ, ಈ ಸಲ ನಿಜವಾಗಿಯೂ ಕಾರಣವಿದ್ದು, ಗಾಬರಿಯಾಗಿ ನಿಂತಿದ್ದ.

ಚಂದಮ್ಮ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು. ತಡೆಯಲಾಗದೆ ನಕ್ಕು, ಅದೇ ನಗುವಿನಲ್ಲಿ ಮೊಟ್ಟಮೊದಲ ಬಾರಿಗೆ ನನ್ನ ಕಡೆಗೇ ತಿರುಗಿ ಹೇಳಿದರು.

"ಅಳಿಯಾರ, ನಿಮ್ಮ ಹೊಲ ಎಲ್ಲಾ ಕಳುವಾಯ್ತಲ್ರಿ!"

ಅಂದಿನಿಂದ ಬಾಗಿಲಿಗೂ ಕ್ಯಾಲೆಂಡರಿಗೂ ಬಿಡುವು ಸಿಕ್ಕಿತು.

ಆ ತಿಂಗಳುಗಳು ಈಗ ನೆನೆದರೆ ಯಾರೋ ಕಂಡ ಹಗಲುಗನಸಿನ ಹಾಗೆ ತೋರುತ್ತವೆ. ಮನೆಯಲ್ಲಿ ಹೆರಿಗೆಗೆ ಕಾಯುವಾಗ ಕಾಲ ಬೇರೆಯೇ ರೀತಿ ನಡೆಯುತ್ತದಲ್ಲ. ಮಧ್ಯಾಹ್ನದ ಬಿಸಿಲು ಕಂಬಿಗಳ ನೆರಳನ್ನು ನೆಲದ ಮೇಲೆ ಮೆಲ್ಲಗೆ ಎಳೆಯುವುದು. ಕೆಳಗೆ ಸೊಪ್ಪಿನವಳು ತಮಿಳಿನಲ್ಲೂ ಕನ್ನಡದಲ್ಲೂ ಕೂಗುತ್ತ ಹೋಗುವುದು. ಅತ್ತೆ ಬಟ್ಟೆಯ ಚೂರು ಜೋಡಿಸಿ ಮಗುವಿಗೆ ಕುಲಾವಿ ಹೊಲಿಯುವರು. ನಾನು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವೆ. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹಾಗೆ ಒಂದು ದಿನ, ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು.

"ಅಳಿಯಾರ, ಒಬ್ಬ ಮನಿಷಾನ್ನ ಮಾಡಿ ಕೊಡ್ತೀರೇನ್ರಿ?"

"ಯಾರನ್ನ ಅತ್ತೆ?"

"ಇಕಿ ಅಪ್ಪನ್ನ."

ನಾನು ಕುಂಚ ಕೆಳಗಿಟ್ಟೆ. "ಫೋಟೊ ಇದ್ಯಾ?"

"ಎಲ್ಲಿಂದ ಬರಬೇಕ್ರಿ? ಫೋಟೊ ತಗಸ್ಕೊಂಡ್ರ ಆಯುಷ್ಯ ಕಮ್ಮಿ ಆಗ್ತದಂತ ಅವರವ್ವ ಬಿಡ್ಲಿಲ್ಲ." ದಾರ ಸೂಜಿಯ ಕಣ್ಣು ತಪ್ಪಿತು. "ಅವರ ಆಯುಷ್ಯ ಏನ್ ಉಳೀತು?"

ಮಗು ಹುಟ್ಟುವುದರೊಳಗೆ ಮಗಳ ಕೈಗೆ ಅಪ್ಪನನ್ನು ಕೊಡಬೇಕೆಂಬುದು ಅವರ ಆಸೆ. ನಾನು ಒಪ್ಪಿದೆ. ಸುವರ್ಣಳಿಗೆ ಮುಗಿಯುವವರೆಗೂ ಹೇಳಬಾರದು ಎಂದರು.

ಇದ್ದ ಸಿಪಾಯಿಗಳಲ್ಲಿ ನಡೆಯುವ ಭಂಗಿಯವನೊಬ್ಬನನ್ನು ಆರಿಸಿದೆ. ಯಾವುದೋ ಚಳಿದೇಶದವನು, ಮೈತುಂಬ ಕೋಟು, ಬೂಟು. ಅವನ ಕೋಟನ್ನು ಅರದಿಂದ ಉಜ್ಜಿ ತೆಗೆದೆ. ರೆಸಿನ್ ಪುಡಿ ಎದೆಗೆ ಒಳ್ಳೆಯದಲ್ಲವಾದ್ದರಿಂದ ನೀರಿನಲ್ಲಿ ಮುಳುಗಿಸಿ ಉಜ್ಜಬೇಕು. ಬೂಟು ಕೊಯ್ದು ಬರಿಗಾಲು ಮಾಡಿದೆ. ಬೆನ್ನಿನ ಚೀಲ ಬುತ್ತಿಗಂಟಾಯಿತು. ಬಂದೂಕು ಹೋಗಿ ಹಾರೆ ಬಂತು. ಪುಟ್ಟಿಯನ್ನು ಹಪ್ಪಳದಂತೆ ತೆಳ್ಳಗೆ ಲಟ್ಟಿಸಿ ಧೋತರ ಉಡಿಸಿದೆ. ಇಷ್ಟೆಲ್ಲ ಸುಲಭ. ಉಳಿದದ್ದು ತಲೆ.

"ಮೂಗು ಹೇಗಿತ್ತು ಅತ್ತೆ?"

"ಉದ್ದ ಇತ್ರಿ."

ಉದ್ದ ಮೂಗಿನ ತಲೆ ಮಾಡಿ ಗುಂಡುಸೂಜಿಗೆ ಸಿಕ್ಕಿಸಿ ತೋರಿಸಿದೆ. "ಇಷ್ಟು ಉದ್ದ ಅಲ್ರಿ." ಗಿಡ್ಡ ಮೂಗಿನದು ಮಾಡಿದೆ. "ಇಂವ ನಮ್ಮ ಮೈದುನ ಕಂಡಂಗ ಕಾಣ್ತಾನ." ಗಲ್ಲ ಅಗಲಿಸಿದೆ. "ಇಂವ ಯಾರೋ ಸಾಹುಕಾರ." ದಿನದಿಂದ ದಿನಕ್ಕೆ ತಲೆಗಳು ಹೆಚ್ಚಿದವು. ಥರ್ಮೋಕೋಲಿನ ಮೇಲೆ ಸೂಜಿಗಳಲ್ಲಿ ಸಾಲಾಗಿ ನಿಂತು ನಮ್ಮನ್ನೇ ನೋಡತೊಡಗಿದವು. ಅತ್ತೆಯ ಉತ್ತರಗಳು ಮಾತ್ರ ಕಡಿಮೆಯಾಗುತ್ತ ಬಂದವು. ಹೌದೆಂದೂ ಅನ್ನರು, ಅಲ್ಲವೆಂದೂ ಅನ್ನರು. ನನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡು ನಾನು ಇನ್ನೊಂದು ತಲೆಗೆ ಪುಟ್ಟಿ ನಾದುತ್ತಿದ್ದೆ.

"ಬ್ಯಾಡ ಬಿಡ್ರಿ," ಎಂದರು ಒಂದು ದಿನ. "ನಿಮ್ಮ ತಪ್ಪಲ್ಲ. ನನಗ ಅವರ ಮಾರಿ ನೆನಪಿಲ್ರಿ."

ಮಾರಿ ಎಂದರೆ ಅವರ ಕಡೆ ಮುಖ. ಆ ಮಾತು ಬೆಂಗಳೂರಿನ ನನ್ನ ಕಿವಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

ಮೆಲ್ಲಗೆ ಹೇಳಿದರು. ಮದುವೆಯಾದಾಗ ಅವರಿನ್ನೂ ಹುಡುಗಿ. ತುಂಬಿದ ಮನೆ. ಅತ್ತೆ ಮಾವ ಭಾವಂದಿರ ಎದುರು ಸೊಸೆ ತಲೆ ಎತ್ತುವಂತಿಲ್ಲ, ಗಂಡನನ್ನಂತೂ ನೋಡುವಂತೆಯೇ ಇಲ್ಲ. ದೀಪ ಆರಿಸಿದ ಮೇಲೆಯೇ ಕೋಣೆಗೆ ಹೋಗಬೇಕು. ಹತ್ತಿರವಿದ್ದಾಗ ಕತ್ತಲೆ, ಬೆಳಕಿದ್ದಾಗ ಸೆರಗು. ಇಬ್ಬರೂ ಕೂಡಿ ಇದ್ದದ್ದೇ ಸ್ವಲ್ಪ ಕಾಲ. ಕದ್ದು ನೋಡಿದ ನಾಲ್ಕಾರು ನೋಟಗಳು ನೆನಪಿನಲ್ಲಿದ್ದವು, ಅವೂ ವರ್ಷಗಳು ಕಳೆದಂತೆ ತಿಕ್ಕಿ ತಿಕ್ಕಿ ಅಳಿಸಿಹೋದವು.

"ಬೆನ್ನು ಕೇಳ್ರಿ, ಹೇಳ್ತೀನಿ," ಎಂದರು. "ಮುಂಜಾನಿ ಕೆಲಸಕ್ಕ ಹೊಂಟಾಗ ಎಲ್ಲಾರೂ ಒಳಗಿರ್ತಿದ್ರು. ನಾ ಅಂಗಳ ಕಸ ಹೊಡೀತಿದ್ದೆ. ಅವರು ದಾಟಿ ಹ್ವಾದ ಮ್ಯಾಲ ತಲಿ ಎತ್ತಿ ನೋಡ್ತಿದ್ದೆ. ಹಳ್ಳ ಇಳಿಯೋತನಕ ನೋಡ್ತಿದ್ದೆ. ಬೆನ್ನಿಗಿ ಕಣ್ಣಿರಂಗಿಲ್ಲಲ್ರಿ, ಅಂಜಿಕಿ ಇಲ್ಲ."

ಆಮೇಲೆ ಅವರು ಹೇಳತೊಡಗಿದರು, ನಾನು ಮಾಡತೊಡಗಿದೆ. ಎಡಭುಜ ತುಸು ಕೆಳಗೆ. ಅದು ಹಾರೆ ಹೊತ್ತದ್ದರಿಂದಲ್ಲ, ಹುಟ್ಟಿನಿಂದಲೇ ಹಾಗಂತೆ. ರುಮಾಲಿನ ಚುಂಗು ಬಲಗಡೆಗೆ. ತೋಳಿಲ್ಲದ ಬಂಡಿ ಅಂಗಿಯ ಬೆನ್ನಿನಲ್ಲಿ ಒಂದು ತೇಪೆ, ಅದನ್ನು ಹಾಕಿದವರು ಅವರೇ, ದಾರದ ಬಣ್ಣ ಬೇರೆ. ಹಿಮ್ಮಡಿ ನೆಲಕ್ಕೆ ಗಟ್ಟಿಯಾಗಿ ಊರದ, ಎಲ್ಲಿಗೋ ಹೊತ್ತಾಯಿತೆಂಬಂಥ ನಡಿಗೆ. ಕತ್ತಿನ ಬಣ್ಣ ಕಪ್ಪಲ್ಲ, ಒಲೆಯ ಮೇಲಿನ ತಾಮ್ರದ ಬಣ್ಣ. ಅದಕ್ಕಾಗಿ ಕಂದಿನ ಮೇಲೆ ಕೆಂಪು, ಕೆಂಪಿನ ಮೇಲೆ ತೆಳ್ಳಗೆ ನೇರಳೆ, ಪದರ ಪದರವಾಗಿ ಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಮತ್ತೆ ಮಾಡಲಿಲ್ಲ. ಕಣ್ಣು ಬರೆಯಬೇಕಾಗಿರಲಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಮುಖಕ್ಕೆ ಯಾವುದಾದರೂ ಒಂದು ತಲೆ ಕೂರಿಸೋಣವೇ ಎಂದು ಕೇಳಿದೆ. ಒಪ್ಪಲಿಲ್ಲ. "ಯಾರದೋ ಮಾರಿ ಹಚ್ಚಿ ಇವರೇ ಅಂತ ಮಗಳಿಗಿ ನಾ ಹ್ಯಾಂಗ ತೋರಿಸ್ಲಿ?" ರುಮಾಲಿನ ಕೆಳಗೆ ಮುಖದ ಜಾಗವನ್ನು ನುಣ್ಣಗೆ ಬಿಟ್ಟೆವು.

ಗೊಂಬೆ ನಡೆಯುವ ದಾರಿಗೆ ಅವರ ಊರಿನದೇ ಕಲ್ಲು ಬೇಕೆನಿಸಿತು. ಇಬ್ಬರೂ ಬಸ್ಸಿನಲ್ಲಿ ಕೃಷ್ಣರಾಜಪುರಕ್ಕೆ ಹೋದೆವು. ಹಳೇ ಮದ್ರಾಸ್ ರಸ್ತೆಯಲ್ಲಿ ನೆಲಕ್ಕೆ ಹಾಸುವ ಕಲ್ಲಿನ ಅಂಗಡಿಗಳಿದ್ದವು. ಒಂದರಲ್ಲಿ ಕಡಪ ಕಲ್ಲಿನ ಪಕ್ಕ ಕಲಬುರಗಿ ಕಡೆಯ ಬೂದು ನೀಲಿ ಶಹಾಬಾದ್ ಚಪ್ಪಡಿಗಳು ಗೋಡೆಗೆ ಒರಗಿ ನಿಂತಿದ್ದವು. ಅತ್ತೆ ನೇರವಾಗಿ ಹೋಗಿ ಒಂದರ ಮೇಲೆ ಅಂಗೈ ಇಟ್ಟರು. ಗುಂಪಿನಲ್ಲಿ ತಮ್ಮೂರಿನವರನ್ನು ಕಂಡಂತೆ.

"ಯಾವ ಸೈಜ್ ಬೇಕು ಸಾರ್? ಹಾಲ್‌ಗಾ, ಕಿಚನ್‌ಗಾ?" ಅಂಗಡಿಯವನು ಕೇಳಿದ.

"ಬೆರಳಷ್ಟು," ಎಂದೆ.

"ಏನ್ ಸಾರ್, ಈ ಬಿಸಿಲಲ್ಲಿ ತಮಾಷೆ!"

ವಿಷಯ ಹೇಳಿದಾಗ ಅವನು ನನ್ನನ್ನೂ ಅತ್ತೆಯನ್ನೂ ಒಮ್ಮೆ ನೋಡಿ, ಒಡೆದ ಚೂರುಗಳ ಗುಡ್ಡೆ ತೋರಿಸಿದ. "ತಗೊಳ್ಳಿ ಅಮ್ಮಾ, ಎಷ್ಟು ಬೇಕಾದ್ರೂ ಆರಿಸ್ಕೊಳ್ಳಿ." ಆ ಧೂಳಿನಲ್ಲಿ, ಲಾರಿಗಳ ಸದ್ದಿನಲ್ಲಿ ಕೂತು ಅವರು ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡರು. ಆ ನೆಲವನ್ನು ಮಾಡಿದ್ದು ಅವರೇ. ಎರಡು ಕಡೆ ಕಲ್ಲು ನಿಲ್ಲಿಸಿದ ಬೇಲಿ, ನಡುವೆ ಬಿಳಿಮಣ್ಣಿನ ದಾರಿ, ಒಂದು ಮುಳ್ಳಿನ ಗಿಡ. ಹಸಿರು ಎಲ್ಲಿಯೂ ಇಲ್ಲ.

ಕೊನೆಯ ಬಣ್ಣ ಒಣಗಲು ಬಾಲ್ಕನಿಯಲ್ಲಿಟ್ಟಿದ್ದ ದಿನ ಸುವರ್ಣ ಕಾಲು ಬಾತಿದೆಯೆಂದು ಡ್ಯೂಟಿಯಿಂದ ಬೇಗ ಬಂದಳು. ನೇರ ಬಾಲ್ಕನಿಗೇ ಬಂದು ನಿಂತಳು.

"ಯಾರ್ರೀ ಇದು? ನಿಮ್ಮ ಸಿಪಾಯಿ ತರ ಇಲ್ವಲ್ಲ."

ನಾನು ಅತ್ತೆಯ ಕಡೆ ನೋಡಿದೆ.

"ನಿಮ್ಮಪ್ಪ," ಎಂದರು ಚಂದಮ್ಮ.

ಸುವರ್ಣ ಎರಡೂ ಕೈಯಿಂದ ಅದನ್ನು ಎತ್ತಿಕೊಂಡಳು. ಯಾರಾದರೂ ಮಾಡುವುದನ್ನೇ ಮಾಡಿದಳು. ತಿರುಗಿಸಿದಳು.

"ಮಾರಿ ಎಲ್ಲದ?"

ಚಂದಮ್ಮ ಸೆರಗನ್ನು ಹಣೆಗೆ ಎಳೆದುಕೊಂಡರು.

"ಅವ್ವಾ, ಮಾರಿ ಎಲ್ಲದ ಅಂದೆ. ಸಣ್ಣಾಕಿ ಇದ್ದಾಗಿಂದ ಕೇಳ್ಕೋತ ಬಂದೀನಿ, ಅಪ್ಪ ಹ್ಯಾಂಗಿದ್ದ ಅಂತ. ಚಂದ ಇದ್ದ, ಚಂದ ಇದ್ದ, ಅಷ್ಟೇ ಹೇಳ್ತಿದ್ದಿ. ಒಂದ್ ಮಾತು ಬಿಚ್ಚಿ ಹೇಳ್ಲಿಲ್ಲ. ಈಗ ಗೊಂಬಿ ಮಾಡ್ಸಿ, ಅದರ ಮಾರೀನೂ ಮುಚ್ಚಿಟ್ಟೀಯಲ್ಲ!"

"ಮುಚ್ಚಿಟ್ಟಿಲ್ಲವ್ವಾ." ಚಂದಮ್ಮ ಗೋಡೆ ಹಿಡಿದುಕೊಂಡರು. "ಇದ್ದರಲ್ಲ ಮುಚ್ಚಿಡ್ಲಿಕ್ಕ? ನನಗ ನೆನಪಿಲ್ಲ. ಗಂಡನ ಮಾರಿ ಮರೆತೀನಂತ ಯಾರ ಮುಂದ ಹೇಳ್ಲಿ? ಮಗಳ ಮುಂದ ಹೇಳ್ಲೇನು?"

ಅದೇ ಹೊತ್ತಿಗೆ ವಿಮಾನವೊಂದು ತಲೆಯ ಮೇಲೇ ಹಾದುಹೋಯಿತು. ನಾವು ಮೂವರೂ ಅದು ಹೋಗಲೆಂದು ಕಾಯುತ್ತ ನಿಂತೆವು. ಸದ್ದು ಅಡಗಿದ ಮೇಲೆ ಚಂದಮ್ಮ ಹೇಳಿದರು.

"ಬೆನ್ನು ಮರೆತಿಲ್ಲ. ಹ್ಯಾಂಗ ಮರೀಲಿ, ದಿನಾ ನೋಡ್ಲತ್ತೀನಲ್ಲ. ನೀ ಡೂಟಿಗಿ ಹೊಂಟಾಗ ಇಲ್ಲೇ ನಿಂತು ನೋಡ್ತೀನಿ. ಅದೇ ಭುಜ, ಅದೇ ನಡಗಿ. ಅವರೇ ಹೊಂಟಂಗ ಇರ್ತದ."

ನಾನು ಹೆಂಡತಿಯ ಭುಜ ನೋಡಿದೆ. ಎಡಭುಜ ತುಸು ಕೆಳಗೆ. ಎಷ್ಟೋ ದಿನ ಅದೇ ಓರೆಯನ್ನು ಪುಟ್ಟಿಯಲ್ಲಿ ತಿದ್ದುತ್ತ ಕೂತವನಿಗೆ, ಮನೆಯಲ್ಲೇ ಓಡಾಡುವ ಆ ಭುಜ ಕಂಡಿರಲಿಲ್ಲ.

ಸುವರ್ಣ ಗೊಂಬೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಂದು ಅಮ್ಮ ಮಗಳು ಬೇರೆ ಬೇರೆಯಾಗಿ ಉಂಡರು. ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಚಂದಮ್ಮ ಬಾಲ್ಕನಿಗೆ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದು, ಕಡೆಗೆ ಹೋದರು. ನಾನೂ ಹಿಂದೆ ಹೋಗಿ ನಿಂತೆ. ಸುವರ್ಣ ಬೀದಿಯ ತಿರುವಿನವರೆಗೆ ನಡೆದಳು. ಅಲ್ಲಿ ನಿಂತಳು. ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ. ನಮ್ಮ ಕಡೆ ಬೆನ್ನು ಕೊಟ್ಟು, ಯಾರೋ ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎಂಬಂತೆ, ಸುಮ್ಮನೆ ನಿಂತಿದ್ದಳು. ಒಂದು ಆಟೊ ಹಾರ್ನ್ ಹೊಡೆದು ಸುತ್ತು ಹಾಕಿ ಹೋಯಿತು. ಅವಳು ಕದಲಲಿಲ್ಲ. ಚಂದಮ್ಮ ಕಂಬಿಯ ಮೇಲೆ ಬಾಗಿ ಕಣ್ತುಂಬ ನೋಡಿದರು. ಆಮೇಲೆ ಅವಳು ತಿರುವಿನಲ್ಲಿ ಮರೆಯಾದಳು.

ಹೆಣ್ಣು ಮಗು ಹುಟ್ಟಿತು. ಅಜ್ಜಿ ಹೊಲಿದ ಕುಲಾವಿಗಳೆಲ್ಲ ಅದರ ತಲೆಗೆ ದೊಡ್ಡವಾದವು. ಬಾಣಂತನ ಮುಗಿದ ಮೇಲೂ ಚಂದಮ್ಮ ಬಹಳ ದಿನ ಇದ್ದರು. ಊರಿಗೆ ಹೊರಟಾಗ ಗೊಂಬೆಯನ್ನು ತೆಗೆದುಕೊಂಡು ಹೋಗಿ ಎಂದೆ. "ನನಗ ಯಾಕ್ರಿ, ನನ್ನ ಕಣ್ಣಾಗ ಅದ. ಮಗಳಿಗಿ ಇರ್ಲಿ," ಎಂದರು. ಮುಂದೆಯೂ ವರ್ಷಕ್ಕೊಮ್ಮೆ ಬರುತ್ತಿದ್ದರು. ಮೊಮ್ಮಗಳು ಹೈಸ್ಕೂಲಿಗೆ ಸೇರುವ ಮುನ್ನ, ಒಂದು ಬೇಸಿಗೆಯಲ್ಲಿ, ಊರಿನಲ್ಲೇ ತೀರಿಕೊಂಡರು.

ಗೇಣುದ್ದದ ಮನುಷ್ಯ ನಮ್ಮ ಷೋಕೇಸಿನಲ್ಲೇ ಇದ್ದಾನೆ. ಮನೆಗೆ ಬಂದವರು, "ಉಲ್ಟಾ ಇಟ್ಟಿದೀರಲ್ಲ ಸಾರ್" ಎಂದು ಸ್ವಾತಂತ್ರ್ಯ ವಹಿಸಿ ತಿರುಗಿಸುತ್ತಾರೆ. ಅವರು ಹೋದ ಮೇಲೆ ಸುವರ್ಣ ಏನೂ ಹೇಳದೆ ಮತ್ತೆ ಸರಿ ಮಾಡಿಡುತ್ತಾಳೆ.

ಇಷ್ಟನ್ನು ನಿಮಗೆ ಹೇಳುತ್ತಿರುವಾಗ ಅವಳೇ ಪಕ್ಕಕ್ಕೆ ಬಂದು ನಿಂತಳು. ಈಗ ಇಬ್ಬರಿಗೂ ರಿಟೈರ್ ಆಗಿದೆ.

"ಅವ್ವನ್ನ ಮಾತ್ರ ನೀವು ಮಾಡ್ಲೇ ಇಲ್ಲ," ಎಂದಳು.

"ನನ್ನ ಕೈ ನಡುಗುತ್ತೆ ಕಣೆ ಈಗ."

"ನಂದು ನಡುಗಲ್ಲ. ಆಗಷ್ಟೇ ಹುಟ್ಟಿದ ಮಕ್ಕಳ ಕೈಯಲ್ಲಿ ಸೂಜಿಗೆ ನರ ಹುಡುಕಿದವಳು ನಾನು. ನೀವು ಹೇಳಿ, ನಾನು ಮಾಡ್ತೀನಿ."

ಹೀಗೆ ನಮ್ಮ ಊಟದ ಮೇಜು ಮತ್ತೆ ಕಾರ್ಖಾನೆಯಾಯಿತು. ಚಂದಮ್ಮನ ಫೋಟೊಗಳಿಗೆ ಬರವಿಲ್ಲ. ಮೊಮ್ಮಗಳ ಹುಟ್ಟುಹಬ್ಬದವು, ಲಾಲ್‌ಬಾಗಿನವು, ಹಲಸೂರು ಕೆರೆಯ ಮುಂದೆ ನಿಂತವು. ಹರಡಿಕೊಂಡು ಕೂತೆವು. ಹಣೆ ಆಯಿತು, ಮೂಗು ಆಯಿತು, ನಗು ತಡೆದುಕೊಂಡ ಆ ಬಾಯಿಯೂ ಒಂದು ರೀತಿಯಲ್ಲಿ ಆಯಿತು. ಆಮೇಲೆ ಸುವರ್ಣಳ ಕೈ ನಿಂತಿತು.

"ರೀ, ಅವ್ವನ ಕಿವಿ ಹೇಗಿತ್ತು?"

ಫೋಟೊಗಳನ್ನೆಲ್ಲ ತಿರುವಿ ಹಾಕಿದೆವು. ಎಲ್ಲದರಲ್ಲೂ ಸೆರಗು. ಒಂದರಲ್ಲೂ ಕಿವಿ ಇಲ್ಲ. ನನಗೆ ನೆನಪಿಲ್ಲ. ಅವಳಿಗೂ ನೆನಪಿಲ್ಲ. ಅಷ್ಟು ವರ್ಷ ಆ ಕಿವಿಯಲ್ಲಿ ಗುಟ್ಟು ಹೇಳಿ ಬೆಳೆದ ಮಗಳಿಗೆ.

ಅವಳು ಫೋಟೊಗಳನ್ನು ಒಟ್ಟುಗೂಡಿಸಿಟ್ಟಳು. ಆಮೇಲೆ ಕನ್ನಡಕ ತೆಗೆದಿಟ್ಟು, ಕೂದಲನ್ನು ಹಿಂದಕ್ಕೆ ಸರಿಸಿ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ನಂದಾದ್ರೂ ಸರಿಯಾಗಿ ನೋಡ್ಕೊಳ್ಳಿ."

ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡು ನೋಡಿದೆ. ಕಿವಿಯ ಮೇಲಂಚಿನಲ್ಲಿ ಒಂದು ಪುಟ್ಟ ಚುಕ್ಕೆ. ಎಂದೋ ಚುಚ್ಚಿಸಿ, ಎಂದೋ ಮುಚ್ಚಿಹೋದ ತೂತು.

"ಇದು ಯಾವಾಗಿಂದು?"

"ಸಣ್ಣವಳಿದ್ದಾಗ. ಅವ್ವ ಚುಚ್ಚಿಸಿದ್ದು. ಇಷ್ಟು ವರ್ಷ ಕಾಣ್ಲೇ ಇಲ್ವಾ ನಿಮಗೆ?"

"ಅಲ್ಲಾಡಬೇಡ," ಎಂದೆ. "ಇನ್ನೂ ನೋಡ್ತಾ ಇದೀನಿ."